ಒಳಮೀಸಲಾತಿಯನ್ನು ಅರ್ಥಮಾಡಿಕೊಳ್ಳಲು: ಸಮಾನತೆ, ಸ್ವಾತಂತ್ರ್ಯ ಮತ್ತು ನ್ಯಾಯವಾದ ನೀತಿಯ ಅಳತೆಗೋಲು

2025ರ ಆಗಸ್ಟ್ 19ರಂದು ಕರ್ನಾಟಕದ ಸಚಿವ ಸಂಪುಟವು ಪರಿಶಿಷ್ಟ ಜಾತಿಗಳಿಗಿರುವ ಶೇ 17ರ ಮೀಸಲಾತಿಯನ್ನು ಆರು, ಆರು, ಐದು ಎಂದು ಮೂರು ಪಾಲು ಮಾಡಲು ತೀರ್ಮಾನಿಸಿತು. ಅಂದಿನಿಂದ ಒಳಮೀಸಲಾತಿಯ, ಅಂದರೆ ಒಂದು ವರ್ಗದ ಮೀಸಲಾತಿಯನ್ನು ಅದರೊಳಗಿನ ಗುಂಪುಗಳಿಗೆ ಹಂಚುವುದರ, ಮಾತು ಹೋರಾಟದ ವೇದಿಕೆಗಳನ್ನು ದಾಟಿ ಮನೆಮನೆಯ ಮಾತಾಯಿತು. ಕಾಲೇಜಿನ ಸೀಟಿಗೆ ಅರ್ಜಿ ಹಾಕುವವರು, ನೇಮಕಾತಿ ಅಧಿಸೂಚನೆಗಾಗಿ ಕಾದಿರುವವರು, ಅವರ ತಂದೆತಾಯಿಗಳು ಎಲ್ಲರೂ ಇದರ ಬಗ್ಗೆ ವಿಚಾರಿಸುತ್ತಿದ್ದಾರೆ. ಅವರ ಪ್ರಶ್ನೆಗಳ ಹಿಂದೆ ಇನ್ನೂ ಹಳೆಯದೊಂದು ಪ್ರಶ್ನೆಯಿದೆ. ಎಲ್ಲರೂ ಸಮಾನರು ಎಂದು ಸಂವಿಧಾನವೇ ಹೇಳಿರುವಾಗ, ಚುನಾಯಿತ ಸರ್ಕಾರವೊಂದು ಜನರನ್ನು ಗುಂಪುಗಳಾಗಿ ವಿಂಗಡಿಸಿ ಒಬ್ಬರಿಗೆ ಒಂದು ಪಾಲು, ಇನ್ನೊಬ್ಬರಿಗೆ ಬೇರೆ ಪಾಲು ಕೊಡುವುದು ಹೇಗೆ ಸಾಧ್ಯ? ಹಾಗೆ ಕೊಟ್ಟದ್ದು ನ್ಯಾಯವೋ ಪಕ್ಷಪಾತವೋ ಎಂದು ತೀರ್ಮಾನಿಸುವವರು ಯಾರು, ಯಾವ ಆಧಾರದ ಮೇಲೆ? ಇದಕ್ಕೆ ಉತ್ತರ ಕಂಡುಕೊಳ್ಳಲು ಸಂವಿಧಾನದ ಕೆಲವು ವಿಧಿಗಳನ್ನೂ ನಮ್ಮದೇ ರಾಜ್ಯದ ನೂರು ವರ್ಷಗಳ ಅನುಭವವನ್ನೂ ಒಟ್ಟಿಗೆ ನೋಡಬೇಕು. ಮೀಸಲಾತಿಯನ್ನು ಕುರಿತ ರಾಷ್ಟ್ರೀಯ ಕಾನೂನಿನ ಕೆಲವು ಮುಖ್ಯ ಭಾಗಗಳು ರೂಪುಗೊಂಡದ್ದು ಮೈಸೂರು ರಾಜ್ಯದಿಂದ, ಅನಂತರ ಕರ್ನಾಟಕದಿಂದ ಹೋದ ಮೊಕದ್ದಮೆಗಳಲ್ಲಿ.

ಸಮಾನತೆ ಎಂದರೇನು

ಸಂವಿಧಾನದ 14ನೇ ವಿಧಿಯಲ್ಲಿ ಎರಡು ಮಾತುಗಳಿವೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬುದು ಮೊದಲನೆಯದು. ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಸಿಗಬೇಕು ಎಂಬುದು ಎರಡನೆಯದು. ಮೊದಲನೆಯದರ ಪ್ರಕಾರ ಯಾರೂ ಕಾನೂನಿಗಿಂತ ದೊಡ್ಡವರಲ್ಲ. ಎರಡನೆಯದರ ಪ್ರಕಾರ, ಒಂದೇ ಸ್ಥಿತಿಯಲ್ಲಿರುವವರನ್ನು ಒಂದೇ ರೀತಿ ಕಾಣಬೇಕು, ಬೇರೆ ಬೇರೆ ಸ್ಥಿತಿಯಲ್ಲಿರುವವರನ್ನು ಕಣ್ಣುಮುಚ್ಚಿ ಒಂದೇ ರೀತಿ ಕಾಣಬಾರದು.

ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಲುವೆಯ ಎಲ್ಲ ತೂಬುಗಳನ್ನೂ ಒಂದೇ ಸಮನೆ ತೆರೆದಿಟ್ಟರೆ ನೋಡುವವರಿಗೆ ಅದು ಸಮಾನ ಹಂಚಿಕೆಯಂತೆ ಕಾಣುತ್ತದೆ. ಆದರೆ ಮೇಲ್ಭಾಗದ ಗಂಗಾವತಿ ಕಡೆ ಗದ್ದೆಗಳು ತುಂಬಿದ ಮೇಲೆ ಮಾನ್ವಿ, ರಾಯಚೂರಿನ ಕಡೆಯ ಕೊನೆ ಭಾಗಕ್ಕೆ ನೀರು ತಲುಪುವುದೇ ಇಲ್ಲ. ಅದಕ್ಕಾಗಿಯೇ ಮೇಲಿನ ತೂಬುಗಳನ್ನು ಸರದಿಯಲ್ಲಿ ಕೆಲವು ದಿನ ಮುಚ್ಚುವ ವಾರಬಂದಿ ಪದ್ಧತಿಯಿದೆ. ಮೇಲಿನ ರೈತನ ಹಕ್ಕನ್ನು ಇದು ಕಸಿದುಕೊಳ್ಳುವುದಿಲ್ಲ, ಕೆಳಗಿನ ರೈತನ ಹಕ್ಕನ್ನು ಕಾಗದದಿಂದ ಹೊಲಕ್ಕೆ ತಲುಪಿಸುತ್ತದೆ. ಆದರೆ ತೂಬು ಎಷ್ಟು ದಿನ ಮುಚ್ಚಿರಬೇಕು, ಯಾವ ತೂಬು ಮುಚ್ಚಬೇಕು, ನೀರು ನಿಜವಾಗಿಯೂ ಕೊನೆ ಮುಟ್ಟಿತೇ ಎಂಬುದನ್ನು ಅಳೆದು ನೋಡದೆ ಮಾಡಿದರೆ ಅದೇ ಪದ್ಧತಿ ಹೊಸ ಅನ್ಯಾಯಕ್ಕೆ ದಾರಿಯಾಗುತ್ತದೆ. ನ್ಯಾಯವಾದ ನೀತಿಯ ಕುರಿತ ಸಂವಿಧಾನದ ಚಿಂತನೆಯೆಲ್ಲ ಈ ಅಳತೆಯ ಸುತ್ತಲೇ ಇದೆ.

ವಿಂಗಡಣೆ ಯಾವಾಗ ಸರಿ, ಯಾವಾಗ ತಪ್ಪು

ಯಾವ ಸರ್ಕಾರವೂ ವಿಂಗಡಣೆ ಮಾಡದೆ ಆಡಳಿತ ನಡೆಸಲಾರದು. ಹೆಚ್ಚು ವರಮಾನವಿರುವವರಿಗೆ ಹೆಚ್ಚು ತೆರಿಗೆ ಹಾಕುವುದು, ಗರ್ಭಿಣಿ ಉದ್ಯೋಗಿಗೆ ಹೆರಿಗೆ ರಜೆ ಕೊಡುವುದು, ಹದಿನೆಂಟು ತುಂಬದವರಿಗೆ ಕಾರು ಓಡಿಸುವ ಪರವಾನಗಿ ಕೊಡದಿರುವುದು ಎಲ್ಲವೂ ವಿಂಗಡಣೆಗಳೇ. ಇವುಗಳಲ್ಲಿ ಯಾವುದು ಸರಿ ಎಂದು ನೋಡಲು ಸುಪ್ರೀಂ ಕೋರ್ಟ್ 1950ರ ದಶಕದ ಆರಂಭದಲ್ಲೇ ಎರಡು ಪ್ರಶ್ನೆಗಳನ್ನು ರೂಪಿಸಿತು. ಒಂದು ಗುಂಪನ್ನು ಇನ್ನೊಂದರಿಂದ ಬೇರ್ಪಡಿಸುವ ಸ್ಪಷ್ಟವಾದ, ತಿಳಿಯಬಹುದಾದ ವ್ಯತ್ಯಾಸವಿದೆಯೇ? ಆ ವ್ಯತ್ಯಾಸಕ್ಕೂ ನೀತಿಯ ಉದ್ದೇಶಕ್ಕೂ ತರ್ಕಬದ್ಧ ಸಂಬಂಧವಿದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ವಿಂಗಡಣೆ ನಿಲ್ಲುತ್ತದೆ, ಇಲ್ಲವಾದರೆ ಅದು ತಾರತಮ್ಯವಾಗುತ್ತದೆ.

1952ರಲ್ಲಿ ಪಶ್ಚಿಮ ಬಂಗಾಳದ ಕಾನೂನೊಂದು ಈ ಪರೀಕ್ಷೆಯಲ್ಲಿ ಬಿದ್ದುಹೋಯಿತು. ತನಗೆ ಬೇಕೆನಿಸಿದ ಯಾವುದೇ ಪ್ರಕರಣವನ್ನು ವಿಶೇಷ ನ್ಯಾಯಾಲಯಕ್ಕೆ ಕಳುಹಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತ್ತು, ಆದರೆ ಯಾವ ಪ್ರಕರಣ, ಏಕೆ ಎಂಬುದಕ್ಕೆ ಮಾನದಂಡವನ್ನೇ ಹೇಳಿರಲಿಲ್ಲ. ಕಾರಣ ಹೇಳದೆ ಜನರನ್ನು ಬೇರ್ಪಡಿಸುವ ಅಧಿಕಾರವನ್ನು ಪ್ರಜಾಪ್ರಭುತ್ವದಲ್ಲಿ ಬಹುಮತ ಪಡೆದ ಸರ್ಕಾರಕ್ಕೂ ಕೊಟ್ಟಿಲ್ಲ. ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಅಸಿಂಧು ಎಂದು 13ನೇ ವಿಧಿ ಹೇಳುತ್ತದೆ. ಆ ಹಕ್ಕಿಗಾಗಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ದಾರಿಯನ್ನು 32ನೇ ವಿಧಿ ತೆರೆದಿದೆ.

ಸ್ವಾತಂತ್ರ್ಯಕ್ಕೂ ಸಮಾನತೆಗೂ ಜಗಳವಿದೆಯೇ

ಒಬ್ಬರಿಗೆ ಸಮಾನತೆ ಕೊಡಲು ಹೋದರೆ ಇನ್ನೊಬ್ಬರ ಸ್ವಾತಂತ್ರ್ಯ ಕಡಿಮೆಯಾಗುವುದಿಲ್ಲವೇ ಎಂಬ ಸಂದೇಹ ಸಹಜವಾದದ್ದು. ಕೆಲವೊಮ್ಮೆ ಕಡಿಮೆಯಾಗುವುದೂ ನಿಜ. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ 17ನೇ ವಿಧಿ, ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದ 15ನೇ ವಿಧಿಯ ಎರಡನೆಯ ಉಪವಿಧಿ, ಇವೆರಡೂ ತಡೆಯುತ್ತಿದ್ದವರ ಇಚ್ಛೆಗೆ ಕಡಿವಾಣ ಹಾಕಿದವು. ಆದರೆ ಆ ಕಡಿವಾಣದಿಂದ ಎಷ್ಟು ಜನರಿಗೆ ನಡೆಯುವ, ಕುಡಿಯುವ, ಕೂರುವ ಸ್ವಾತಂತ್ರ್ಯ ಮೊದಲ ಬಾರಿಗೆ ದೊರಕಿತು ಎಂಬುದನ್ನು ಮರೆಯುವಂತಿಲ್ಲ.

ಎರಡನ್ನೂ ಉಳಿಸಿಕೊಳ್ಳುವ ಬಗೆಗೆ ಕರಾವಳಿಯ ಮೂಲ್ಕಿಯಿಂದ ಬಂದ ಪ್ರಕರಣ ಒಳ್ಳೆಯ ಉದಾಹರಣೆ. ಅಲ್ಲಿನ ವೆಂಕಟರಮಣ ದೇವಸ್ಥಾನವು ಗೌಡ ಸಾರಸ್ವತ ಬ್ರಾಹ್ಮಣ ಸಮುದಾಯಕ್ಕೆ ಸೇರಿದ್ದು. ತಮ್ಮ ಧಾರ್ಮಿಕ ವ್ಯವಹಾರಗಳನ್ನು ತಾವೇ ನಡೆಸಿಕೊಳ್ಳುವ ಹಕ್ಕು 26ನೇ ವಿಧಿಯಲ್ಲಿ ತಮಗಿದೆ ಎಂದು ಸಮುದಾಯದವರು ವಾದಿಸಿದರು. ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯುವ ಕಾನೂನು ಮಾಡಲು 25ನೇ ವಿಧಿ ಅವಕಾಶ ಕೊಟ್ಟಿದೆ ಎಂಬುದು ಇನ್ನೊಂದು ಕಡೆಯ ವಾದ. 1957ರಲ್ಲಿ ಸುಪ್ರೀಂ ಕೋರ್ಟ್ ಎರಡೂ ಹಕ್ಕುಗಳನ್ನು ಒಪ್ಪಿತು. ದೇವಸ್ಥಾನದ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಆದರೆ ಸಮುದಾಯದವರು ಮಾತ್ರ ಪಾಲ್ಗೊಳ್ಳುವ ಕೆಲವು ವಿಶೇಷ ವಿಧಿಗಳನ್ನು ಅವರು ತಮಗೇ ಉಳಿಸಿಕೊಳ್ಳಬಹುದು, ಉಳಿದವರ ಪ್ರವೇಶದ ಹಕ್ಕು ಹೆಸರಿಗಷ್ಟೇ ಉಳಿಯುವಷ್ಟು ಅದು ಬೆಳೆಯಬಾರದು ಎಂದಿತು. ಒಂದು ಹಕ್ಕು ಇನ್ನೊಂದನ್ನು ನುಂಗದಂತೆ ಎರಡರ ಗಡಿಯನ್ನೂ ಗುರುತಿಸುವುದು ಹೇಗೆ ಎಂಬುದಕ್ಕೆ ಇದೊಂದು ಮಾದರಿ.

ಸ್ವಾತಂತ್ರ್ಯಕ್ಕೆ ಆರ್ಥಿಕ ಮುಖವೂ ಇದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯು ಗೇಣಿಗೆ ಕೊಟ್ಟಿದ್ದ ಜಮೀನನ್ನು ಸರ್ಕಾರದ ವಶಕ್ಕೆ ತಂದು, ಉಳುತ್ತಿದ್ದ ಗೇಣಿದಾರನೇ ಅದರ ಒಡೆಯನಾಗಲು ಅರ್ಜಿ ಹಾಕಿಕೊಳ್ಳುವ ಅವಕಾಶ ಕೊಟ್ಟಿತು. ಅರ್ಜಿಗಳನ್ನು ತೀರ್ಮಾನಿಸಲು ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕುಳಿತವು. ಭೂಮಾಲೀಕರ ಆಸ್ತಿಯ ಹಕ್ಕಿಗೆ ಇದರಿಂದ ಪೆಟ್ಟಾಯಿತು, ಅದಕ್ಕೆ ಪರಿಹಾರವನ್ನೂ ಗೊತ್ತುಮಾಡಲಾಯಿತು. ಇತ್ತ, ಒಡೆಯನ ಮರ್ಜಿಯಲ್ಲಿ ಬದುಕುತ್ತಿದ್ದ ಗೇಣಿದಾರನಿಗೆ ಮತ ಯಾರಿಗೆ ಹಾಕಬೇಕು, ಮಗನನ್ನು ಯಾವ ಶಾಲೆಗೆ ಕಳುಹಿಸಬೇಕು ಎಂಬುದನ್ನು ಭಯವಿಲ್ಲದೆ ತೀರ್ಮಾನಿಸುವ ನೆಲೆ ಸಿಕ್ಕಿತು. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಮೂರನ್ನೂ ಒಂದರಿಂದೊಂದು ಬೇರ್ಪಡಿಸಿದರೆ ಪ್ರಜಾಪ್ರಭುತ್ವದ ಉದ್ದೇಶವೇ ಸೋಲುತ್ತದೆ ಎಂದು ಬಿ.ಆರ್. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಈ ಅರ್ಥದಲ್ಲಿಯೇ.

ಅರಸರ ಆದೇಶದಿಂದ ನ್ಯಾಯಾಲಯದ ಪರೀಕ್ಷೆಯವರೆಗೆ

ಮೀಸಲಾತಿಯ ಚಿಂತನೆ ನಮ್ಮಲ್ಲಿ ಸಂವಿಧಾನಕ್ಕಿಂತ ಹಳೆಯದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಸರ್ಕಾರಿ ಹುದ್ದೆಗಳು ಬಹುತೇಕ ಒಂದೇ ಸಮುದಾಯದ ಕೈಯಲ್ಲಿದ್ದುದನ್ನು ಗಮನಿಸಿದ ಸಮಿತಿ, ಇತರ ಸಮುದಾಯಗಳಿಗೆ ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಸಿಗಬೇಕೆಂದು ಸೂಚಿಸಿತು. ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಿರಲಿಲ್ಲ. ಅರ್ಹತೆ ಮತ್ತು ಪ್ರಾತಿನಿಧ್ಯದ ನಡುವಿನ ಇಂದಿನ ಚರ್ಚೆ ಅಂದೇ ಮೈಸೂರಿನಲ್ಲಿ ಪೂರ್ಣ ರೂಪದಲ್ಲಿ ನಡೆದಿತ್ತು. ಅಂದಿಗೂ ಇಂದಿಗೂ ಇರುವ ವ್ಯತ್ಯಾಸವೇನೆಂದರೆ, ಅರಸರ ಆದೇಶವನ್ನು ಹಕ್ಕಿನ ಬಲದಿಂದ ಪ್ರಶ್ನಿಸುವ ದಾರಿ ಪ್ರಜೆಗೆ ಇರಲಿಲ್ಲ.

ಆ ದಾರಿ ತೆರೆದ ಮೇಲೆ ಏನಾಯಿತು ಎಂಬುದನ್ನು 1962ರ ಬಾಲಾಜಿ ಪ್ರಕರಣ ತೋರಿಸುತ್ತದೆ. ಆ ವರ್ಷ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇ 28, ಹೆಚ್ಚು ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3, ಒಟ್ಟು ಶೇ 68 ಸೀಟುಗಳನ್ನು ಮೀಸಲಿಟ್ಟಿತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹಿಂದುಳಿದಿರುವಿಕೆಯನ್ನು ಜಾತಿಯೊಂದರಿಂದಲೇ ಅಳೆಯಬಾರದು, ಬಡತನ, ಕಸುಬು, ವಾಸಸ್ಥಳಗಳನ್ನೂ ನೋಡಬೇಕು, ಮೀಸಲಾತಿ ಸಾಮಾನ್ಯವಾಗಿ ಶೇ 50ಕ್ಕಿಂತ ಕಡಿಮೆ ಇರಬೇಕು ಎಂದಿತು. ಇಂದು ದೇಶವೆಲ್ಲ ಮಾತಾಡುವ ಶೇ 50ರ ಮಿತಿಗೆ ಬೀಜ ಬಿದ್ದದ್ದು ಇಲ್ಲಿ. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ಗಟ್ಟಿಗೊಳಿಸಿತು, ಅಸಾಧಾರಣ ಸಂದರ್ಭಗಳಿಗೆ ಮಾತ್ರ ವಿನಾಯಿತಿ ಇಟ್ಟಿತು. ಹಿಂದುಳಿದ ವರ್ಗಗಳೊಳಗೆ ಮುಂದೆ ಬಂದ ಕುಟುಂಬಗಳನ್ನು, ಅಂದರೆ ಕೆನೆಪದರವನ್ನು, ಹೊರಗಿಡಬೇಕೆಂದೂ ಅದೇ ತೀರ್ಪು ಹೇಳಿತು.

ಅಂಕಿಅಂಶ ಏಕೆ ಬೇಕು

ಈ ಪ್ರಶ್ನೆಗೆ ಕರ್ನಾಟಕದ ಬಡ್ತಿ ಮೀಸಲಾತಿ ಪ್ರಕರಣಕ್ಕಿಂತ ಸ್ಪಷ್ಟವಾದ ಉತ್ತರ ಬೇರೆಲ್ಲೂ ಸಿಗದು ಎಂದು ನನಗನ್ನಿಸುತ್ತದೆ. ಮೀಸಲಾತಿಯಡಿ ಬೇಗ ಬಡ್ತಿ ಪಡೆದ ನೌಕರರಿಗೆ ಆ ಬಡ್ತಿಯ ಆಧಾರದಲ್ಲೇ ಜ್ಯೇಷ್ಠತೆ ಕೊಡುವ ಕಾನೂನನ್ನು ರಾಜ್ಯ 2002ರಲ್ಲಿ ಮಾಡಿತ್ತು. 2017ರ ಬಿ.ಕೆ. ಪವಿತ್ರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಪರಿಶಿಷ್ಟರು ಮೇಲಿನ ಹುದ್ದೆಗಳಲ್ಲಿ ಸಾಕಷ್ಟು ಇಲ್ಲ ಎಂಬುದನ್ನು ಸರ್ಕಾರ ಲೆಕ್ಕ ಹಾಕಿ ತೋರಿಸಿಲ್ಲ ಎಂಬುದು ಕಾರಣ. ಅನಂತರ ಸರ್ಕಾರ ಹಿರಿಯ ಐಎಎಸ್ ಅಧಿಕಾರಿ ರತ್ನಪ್ರಭಾ ಅವರ ನೇತೃತ್ವದ ಸಮಿತಿಯಿಂದ ಇಲಾಖೆಗಳ ಪ್ರಾತಿನಿಧ್ಯ, ಸಮುದಾಯಗಳ ಹಿಂದುಳಿದಿರುವಿಕೆ, ಆಡಳಿತದ ದಕ್ಷತೆಯ ಮೇಲಿನ ಪರಿಣಾಮ ಈ ಮೂರರ ಅಧ್ಯಯನ ಮಾಡಿಸಿ, 2018ರಲ್ಲಿ ಅದೇ ಉದ್ದೇಶದ ಹೊಸ ಕಾನೂನು ತಂದಿತು. 2019ರ ಮೇ 10ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಉದ್ದೇಶ ಒಂದೇ, ಫಲಾನುಭವಿಗಳೂ ಅವರೇ. ಆಧಾರವಿಲ್ಲದಿದ್ದಾಗ ಕಾನೂನು ಬಿತ್ತು, ಆಧಾರ ಸಿಕ್ಕಾಗ ನಿಂತಿತು. ನಡುವಿನ ಎರಡು ವರ್ಷ ಸಾವಿರಾರು ನೌಕರರು ಹಿಂಬಡ್ತಿಯ ಆತಂಕದಲ್ಲಿ ಕಳೆಯಬೇಕಾಯಿತು ಎಂಬುದನ್ನು ನೋಡಿದರೆ, ಅಂಕಿಅಂಶ ಕೇವಲ ವಕೀಲರ ಕಡತಕ್ಕೆ ಸೇರಿದ ವಿಷಯವಲ್ಲ ಎಂಬುದು ಮನದಟ್ಟಾಗುತ್ತದೆ.

ಒಳಮೀಸಲಾತಿ ಎಂದರೇನು

ಪರಿಶಿಷ್ಟ ಜಾತಿಗಳ ಪಟ್ಟಿಯನ್ನು 341ನೇ ವಿಧಿಯಡಿ ರಾಷ್ಟ್ರಪತಿ ಪ್ರಕಟಿಸುತ್ತಾರೆ, ಅದಕ್ಕೆ ಹೆಸರು ಸೇರಿಸುವ ಅಥವಾ ತೆಗೆಯುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ಕರ್ನಾಟಕದ ಪಟ್ಟಿಯಲ್ಲಿ 101 ಜಾತಿಗಳಿವೆ. ಎಲ್ಲರಿಗೂ ಒಟ್ಟಾಗಿ ಶೇ 15 ಇದ್ದ ಮೀಸಲಾತಿಯನ್ನು 2022ರಲ್ಲಿ ಶೇ 17ಕ್ಕೆ ಏರಿಸಲಾಯಿತು. ಈ 101 ಜಾತಿಗಳ ಸ್ಥಿತಿ ಒಂದೇ ರೀತಿ ಇಲ್ಲ, ಅವಕಾಶ ಕೆಲವರಿಗೆ ಮಾತ್ರ ತಲುಪುತ್ತಿದೆ, ಆದ್ದರಿಂದ ಒಟ್ಟು ಪಾಲನ್ನು ಒಳಗೇ ವಿಂಗಡಿಸಬೇಕು ಎಂಬುದು ಒಳಮೀಸಲಾತಿಯ ಬೇಡಿಕೆ. ಒಟ್ಟು ಪ್ರಮಾಣ ಇದರಿಂದ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಪಟ್ಟಿಯಿಂದ ಯಾರೂ ಹೊರಹೋಗುವುದಿಲ್ಲ.

ಬೇಡಿಕೆ ಬಹಳ ಹಳೆಯದು. ರಾಜ್ಯ ಸರ್ಕಾರ 2005ರಲ್ಲಿ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟು, ಆಗಿದ್ದ ಶೇ 15ನ್ನು ಎಡಗೈ (ಮಾದಿಗ ಮತ್ತು ಸಂಬಂಧಿತ) ಸಮುದಾಯಗಳಿಗೆ 6, ಬಲಗೈ (ಹೊಲೆಯ ಮತ್ತು ಸಂಬಂಧಿತ) ಸಮುದಾಯಗಳಿಗೆ 5, ಬೋವಿ, ಲಂಬಾಣಿ ಮೊದಲಾದ ಸ್ಪೃಶ್ಯ ಜಾತಿಗಳಿಗೆ, ಅಂದರೆ ಪಟ್ಟಿಯಲ್ಲಿದ್ದರೂ ಅಸ್ಪೃಶ್ಯರೆಂದು ಪರಿಗಣಿತವಾಗಿರದ ಜಾತಿಗಳಿಗೆ, 3, ಉಳಿದವರಿಗೆ 1 ಎಂದು ಹಂಚಲು ಹೇಳಿತು. ಆದರೆ ಎದುರಿಗೆ ದೊಡ್ಡ ಅಡ್ಡಿಯಿತ್ತು. ಆಂಧ್ರಪ್ರದೇಶ ಇಂಥದೇ ವಿಂಗಡಣೆ ಮಾಡಿದಾಗ 2004ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಪರಿಶಿಷ್ಟ ಜಾತಿಗಳೆಲ್ಲ ಸೇರಿ ಒಂದೇ ವರ್ಗ, ರಾಜ್ಯಗಳು ಅದನ್ನು ಒಡೆಯುವಂತಿಲ್ಲ ಎಂದು ತೀರ್ಪು ಕೊಟ್ಟಿತ್ತು.

2024ರ ಆಗಸ್ಟ್ 1ರಂದು ಆ ಅಡ್ಡಿ ಸರಿಯಿತು. ಪಂಜಾಬ್ ಸರ್ಕಾರ ಮತ್ತು ದವಿಂದರ್ ಸಿಂಗ್ ನಡುವಿನ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 6:1ರ ಬಹುಮತದಿಂದ ಹಳೆಯ ತೀರ್ಪನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಬೇಲಾ ತ್ರಿವೇದಿ ಅವರು, ರಾಷ್ಟ್ರಪತಿಯ ಪಟ್ಟಿಯನ್ನು ರಾಜ್ಯಗಳು ಹೀಗೆ ಒಡೆಯಲಾಗದು ಎಂದು ಭಿನ್ನ ತೀರ್ಪು ಬರೆದರು. ಬಹುಮತದ ತೀರ್ಪು ರಾಜ್ಯಗಳಿಗೆ ಅಧಿಕಾರವನ್ನೂ ಅದರ ಜೊತೆಗೆ ಕಟ್ಟುಪಾಡುಗಳನ್ನೂ ಕೊಟ್ಟಿತು. ವಿಂಗಡಣೆಗೆ ನಂಬಲರ್ಹ ದತ್ತಾಂಶ ಇರಬೇಕು, ರಾಜಕೀಯ ಲಾಭ ಆಧಾರವಾಗಬಾರದು, ಒಂದೇ ಗುಂಪಿಗೆ ಎಲ್ಲ ಸೀಟುಗಳನ್ನೂ ಕೊಟ್ಟು ಉಳಿದವರನ್ನು ಬರಿಗೈ ಮಾಡಬಾರದು, ಮತ್ತು ಈ ತೀರ್ಮಾನ ನ್ಯಾಯಾಲಯದ ಪರಿಶೀಲನೆಗೆ ಒಳಪಡುತ್ತದೆ.

ಕರ್ನಾಟಕದಲ್ಲಿ ಲೆಕ್ಕ ಏಕೆ ಕಷ್ಟವಾಯಿತು

ದತ್ತಾಂಶ ಬೇಕು ಎನ್ನುವುದು ಸುಲಭ. ನಮ್ಮಲ್ಲಿ ಅದಕ್ಕೆ ಒಂದು ವಿಶೇಷ ತೊಡಕಿತ್ತು. ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂಬ ಹೆಸರುಗಳು ಒಂದೊಂದು ಜಾತಿಯವಲ್ಲ. ಅವಮಾನದ ಹೆಸರುಗಳಿಂದ ಬಿಡುಗಡೆ ಪಡೆಯಲು ಇಪ್ಪತ್ತನೆಯ ಶತಮಾನದಲ್ಲಿ ಸಮುದಾಯಗಳು ಒಪ್ಪಿಕೊಂಡ ಈ ಹೆಸರುಗಳಡಿ ಕೆಲವು ಜಿಲ್ಲೆಗಳಲ್ಲಿ ಎಡಗೈಯವರೂ ಇನ್ನು ಕೆಲವು ಜಿಲ್ಲೆಗಳಲ್ಲಿ ಬಲಗೈಯವರೂ ಜಾತಿ ಪ್ರಮಾಣಪತ್ರ ಪಡೆದಿದ್ದಾರೆ. ಆದ್ದರಿಂದ ಜನಗಣತಿಯ ಸಂಖ್ಯೆಗಳನ್ನು ಎಷ್ಟು ಕೂಡಿಸಿ ಕಳೆದರೂ ಯಾವ ಸಮುದಾಯದವರು ಎಷ್ಟಿದ್ದಾರೆ ಎಂಬುದು ತಿಳಿಯುತ್ತಿರಲಿಲ್ಲ. ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ಇದೇ ಕಾರಣಕ್ಕೆ ಹೊಸ ಸಮೀಕ್ಷೆ ಅಗತ್ಯವೆಂದು ಮಧ್ಯಂತರ ವರದಿ ಕೊಟ್ಟಿತು. 2025ರ ಮೇ ತಿಂಗಳಿನಲ್ಲಿ ಮನೆಮನೆ ಸಮೀಕ್ಷೆ ಆರಂಭವಾಗಿ, ಆಗಸ್ಟ್ 4ರಂದು ಅಂತಿಮ ವರದಿ ಸಲ್ಲಿಕೆಯಾಯಿತು.

ಆಯೋಗ ಐದು ಗುಂಪುಗಳನ್ನು ಸೂಚಿಸಿತ್ತು. ಅತಿ ಹಿಂದುಳಿದ 59 ಅಲೆಮಾರಿ ಜಾತಿಗಳಿಗೆ ಶೇ 1, ಎಡಗೈಗೆ 6, ಬಲಗೈಗೆ 5, ಬೋವಿ, ಲಂಬಾಣಿ, ಕೊರಮ, ಕೊರಚ ಸಮುದಾಯಗಳಿಗೆ 4, ಮೂಲ ಜಾತಿ ಹೇಳದೆ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಬರೆಸಿದವರಿಗೆ 1. ಸಚಿವ ಸಂಪುಟ ಇದನ್ನು ಬದಲಿಸಿ ಎಡಗೈಗೆ 6, ಬಲಗೈಗೆ 6, ಸ್ಪೃಶ್ಯ ಸಮುದಾಯಗಳು ಮತ್ತು ಅಲೆಮಾರಿಗಳಿಗೆ ಸೇರಿಸಿ 5 ಎಂದು ಮಾಡಿತು. ತಮಗಿಂತ ಸಂಖ್ಯೆಯಲ್ಲೂ ಸಂಘಟನೆಯಲ್ಲೂ ಮುಂದಿರುವವರೊಂದಿಗೆ ಸ್ಪರ್ಧಿಸಬೇಕಾಗುತ್ತದೆ ಎಂದು ಅಲೆಮಾರಿ ಸಮುದಾಯಗಳು ಪ್ರತಿಭಟನೆಗಿಳಿದವು. ಒಟ್ಟು ಪರಿಶಿಷ್ಟ ಜಾತಿಗಳೊಳಗೆ ಹಿಂದೆ ಉಳಿದವರು ಎತ್ತಿದ್ದ ಆಕ್ಷೇಪವನ್ನೇ ಈಗ ಒಳಗುಂಪಿನೊಳಗಿನ ಅತಿ ದುರ್ಬಲರು ಎತ್ತಿದ್ದಾರೆ ಎಂಬುದನ್ನು ಗಂಭೀರವಾಗಿ ಗಮನಿಸಬೇಕು. ಮೇಲೆ ಹೇಳಿದ ಎರಡು ಪ್ರಶ್ನೆಗಳು, ಅಂದರೆ ವ್ಯತ್ಯಾಸ ನಿಜವೇ, ಅದು ಉದ್ದೇಶಕ್ಕೆ ಹೊಂದುತ್ತದೆಯೇ ಎಂಬವು, ಇಲ್ಲಿಗೂ ಅನ್ವಯಿಸುತ್ತವೆ.

ಕೆನೆಪದರದ ಮಾತು

2024ರ ತೀರ್ಪಿನಲ್ಲಿ ನ್ಯಾಯಮೂರ್ತಿ ಬಿ.ಆರ್. ಗವಾಯಿ ಸೇರಿದಂತೆ ನಾಲ್ವರು ನ್ಯಾಯಮೂರ್ತಿಗಳು ಪರಿಶಿಷ್ಟರಲ್ಲೂ ಕೆನೆಪದರವನ್ನು ಗುರುತಿಸಬೇಕು ಎಂಬ ಅಭಿಪ್ರಾಯ ಬರೆದಿದ್ದಾರೆ. ಪೀಠದ ಮುಂದಿದ್ದ ಪ್ರಶ್ನೆ ಅದಾಗಿರಲಿಲ್ಲವಾದ್ದರಿಂದ, ಆ ಅಭಿಪ್ರಾಯದಿಂದಲೇ ಪರಿಶಿಷ್ಟರ ಮೀಸಲಾತಿಗೆ ವರಮಾನದ ಮಿತಿ ತಾನಾಗಿ ಬಂದುಬಿಡುವುದಿಲ್ಲ. ಒಳಮೀಸಲಾತಿ ಮತ್ತು ಕೆನೆಪದರ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ಹಬ್ಬಿದೆ. ಮೊದಲನೆಯದು ಸಮುದಾಯಗಳ ನಡುವಿನ ಹಂಚಿಕೆ, ಎರಡನೆಯದು ಒಂದೇ ಸಮುದಾಯದೊಳಗಿನ ಕುಟುಂಬಗಳನ್ನು ಬೇರ್ಪಡಿಸುವುದು.

ಶೇಕಡಾವಾರು ಪಾಲು ಹುದ್ದೆಯಾಗುವುದು ಹೇಗೆ

ಪಾಲು ಘೋಷಣೆಯಾದ ಮಾತ್ರಕ್ಕೆ ಹುದ್ದೆ ಸಿಗುವುದಿಲ್ಲ. ನೇಮಕಾತಿ ನಡೆಯುವುದು ರೋಸ್ಟರ್ ಎಂಬ ಪಟ್ಟಿಯ ಪ್ರಕಾರ. ಒಂದರಿಂದ ನೂರರವರೆಗಿನ ಬಿಂದುಗಳಲ್ಲಿ ಯಾವ ಬಿಂದು ಯಾವ ಗುಂಪಿಗೆ ಎಂದು ಅದರಲ್ಲಿ ಮೊದಲೇ ಗೊತ್ತುಮಾಡಿರುತ್ತಾರೆ, ಖಾಲಿ ಹುದ್ದೆಗಳನ್ನು ಆ ಕ್ರಮದಲ್ಲೇ ತುಂಬುತ್ತಾರೆ. ಶೇ 6 ಪಾಲಿರುವ ಗುಂಪಿಗೆ ನೂರರಲ್ಲಿ ಆರು ಬಿಂದುಗಳು, ಶೇ 1 ಇದ್ದರೆ ಒಂದೇ ಬಿಂದು. ವರ್ಷಕ್ಕೆ ಎರಡು ಮೂರು ಹುದ್ದೆಗಳಷ್ಟೇ ತುಂಬುವ ಸಣ್ಣ ಇಲಾಖೆಯಲ್ಲಿ ಆ ಒಂದು ಬಿಂದು ಪಟ್ಟಿಯ ಆರಂಭದಲ್ಲಿದ್ದರೆ ಆ ಸಮುದಾಯದ ಅಭ್ಯರ್ಥಿಗೆ ಕೆಲವೇ ವರ್ಷಗಳಲ್ಲಿ ಅವಕಾಶ ಬರುತ್ತದೆ, ಕೊನೆಯಲ್ಲಿದ್ದರೆ ಒಂದು ತಲೆಮಾರೇ ಕಾಯಬೇಕಾಗುತ್ತದೆ. ಹೀಗಾಗಿ ಪರಿಶಿಷ್ಟರಲ್ಲಿ ಅತಿ ಸಣ್ಣ ಸಮುದಾಯಗಳಿಗೆ ಸೇರಿದವರು ಶೇಕಡಾವಾರು ಎಷ್ಟು ಎಂಬುದರ ಜೊತೆಗೆ, ಸರ್ಕಾರ ಹೊರಡಿಸುವ ರೋಸ್ಟರ್ ಆದೇಶದಲ್ಲಿ ತಮ್ಮ ಗುಂಪಿನ ಬಿಂದು ಎಷ್ಟನೆಯದು ಎಂಬುದನ್ನೂ ನೋಡಿಕೊಳ್ಳಬೇಕು.